ಭಾವನ ಪೀಪಾಯಿ

ಗಿರಣಿಯ ತಿರುಪನ್ನು ಲುಬೊಮಿರ್ ಎಡಕ್ಕೆ ಇನ್ನೊಂದು ಸುತ್ತು ತಿರುಗಿಸಿದ. ಉರುಳೆಗಳ ನಡುವಿನ ಸಂದು ಅಗಲವಾಯಿತು. ಒಂದು ಹಿಡಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಸುರಿದು ನೋಡಿದ. ಅರ್ಧಕ್ಕರ್ಧ ಕಾಳು ಒಂದು ಗೀರೂ ಇಲ್ಲದೆ ಕೆಳಗಿಳಿಯಿತು. ಒಡೆಯದ ಕಾಳು ಬಿಸಿನೀರಿಗೆ ಸಿಹಿ ಬಿಡುವುದಿಲ್ಲ. ಸಿಹಿ ಇಳಿಯದ ನೀರು ಎಷ್ಟು ಹುದುಗಿದರೇನು, ಅದಕ್ಕೆ ಬಿಯರ್ ಎಂಬ ಮರ್ಯಾದೆ ಸಿಗುವುದಿಲ್ಲ.

ಅಂಗಳದಲ್ಲಿ ಕಾರು ನಿಂತ ಸದ್ದು.

"ಭಾವಾ, ಮನೇಲಿದ್ದೀಯೋ, ಡಬ್ಬಿ ಒಳಗೆ ಕೂತಿದ್ದೀಯೋ?"

ಹೆಂಡತಿಯ ಅಣ್ಣ ಹಿಪೊಲಿತ್. ಲುಬೊಮಿರ್ ಕೈ ಒರೆಸಿಕೊಂಡು ಮುಗುಳ್ನಕ್ಕ.

ಇದು ನಡೆದ ಕಥೆ. ನಂಬದವರು ಬುಗ್ ನದಿಯ ದಡದ ಆ ಹಳ್ಳಿಗೆ ಹೋಗಿ ವಿಚಾರಿಸಬಹುದು. ಲುಬೊಮಿರನ ಎದುರು ಮಾತ್ರ ಬೇಡ.

ಹಗೆ ಹುಟ್ಟಿದ್ದು ಹಿಂದಿನ ವರ್ಷ, ಅಲ್ಲಿನವರು ಹುಟ್ಟುಹಬ್ಬದಂತೆ ಆಚರಿಸುವ ಹೆಸರಿನ ಹಬ್ಬದಂದು, ಲುಬೊಮಿರನ ಮನೆಯಲ್ಲಿ. ಆಗ ಅವನು ಅಂಗಡಿಯ ಡಬ್ಬಿಯ ಸಿದ್ಧ ಮಾಲ್ಟ್ ಪಾಕಕ್ಕೆ ನೀರು ಬೆರೆಸಿ ಬಿಯರ್ ಮಾಡುತ್ತಿದ್ದ. ಹಿಪೊಲಿತ್ ಒಂದು ಗುಟುಕು ಕುಡಿದು, ಕಿಟಕಿಯ ಹೂಕುಂಡಕ್ಕೆ ಉಗಿದ. ಅಷ್ಟಕ್ಕೇ ಬಿಟ್ಟಿದ್ದರೆ ಲುಬೊಮಿರನೂ ಮರೆಯುತ್ತಿದ್ದ. ಆದರೆ ಹಿಪೊಲಿತ್ ಅಣಕಕ್ಕೆ ಹೆಸರಾದವನು. ಎದ್ದು ನಿಂತು ಮೊದಲು ಡಬ್ಬಿ ಸೀಳುವ ಸದ್ದು ಮಾಡಿದ: ಕಿರ್ರ್. ಆಮೇಲೆ ಪಾಕ ಜಾರುವ ಸದ್ದು: ಗ್ಲುಪ್. ಕೊನೆಗೆ ಥೇಟ್ ಲುಬೊಮಿರನ ಮೂಗುದನಿಯಲ್ಲಿ, "ಎಲ್ಲಾ ನನ್ನ ಕೈಯಾರೆ ಮಾಡಿದ್ದು!" ಬಂದವರೆಲ್ಲ ಹೊಟ್ಟೆ ಹಿಡಿದುಕೊಂಡರು. ಹೆಂಡತಿ ಸಬೀನಾ ಕೂಡ. ಅಂದಿನಿಂದ ಲುಬೊಮಿರ್ ಬೇಕರಿಯ ಸರದಿಯಲ್ಲಿ ನಿಂತರೂ ಸಾಕು, ಹಿಂದಿನಿಂದ ಯಾರೋ ಮೆಲ್ಲಗೆ ಗ್ಲುಪ್ ಎನ್ನುತ್ತಿದ್ದರು.

ಅವನು ಡಬ್ಬಿ ಬಿಟ್ಟ. ಕಾಳಿನಿಂದಲೇ ಬಿಯರ್ ಕುದಿಸಲು ಕಲಿತ. ಖರ್ಚು ಅರ್ಧಕ್ಕಿಳಿಯಿತು. ಮಾಲ್ಟ್ ತಯಾರಿಸುವ ಕಾರ್ಖಾನೆಯಿಂದ ಮೂಟೆಗಟ್ಟಲೆ ತಂದರೆ ಇನ್ನೂ ಅಗ್ಗ. ಆದರೆ ಮೂಟೆ ಹೊರುವ ಟ್ರೈಲರ್ ಇದ್ದದ್ದು ಹಿಪೊಲಿತನ ಹತ್ತಿರ. ತಾನೂ ಮನೆಯಲ್ಲೇ ಬಿಯರ್ ಕುದಿಸುವ ಹಿಪೊಲಿತನಿಗೋ ಗಿರಣಿ ಇರಲಿಲ್ಲ. ಹೀಗೆ, ಮುಖ ನೋಡಲು ಮನಸ್ಸಿಲ್ಲದ ಇಬ್ಬರನ್ನು ಜಿಪುಣತನ ಪಾಲುದಾರರನ್ನಾಗಿ ಮಾಡಿತು.

ಈ ಬೇಸಿಗೆಯಲ್ಲಿ ಹಗೆಯ ಬೆಂಕಿಗೆ ತುಪ್ಪ ಸುರಿದವಳು ಲುಬೊಮಿರನ ಒಬ್ಬಳೇ ಮಗಳು ಕಲಿನಾ. ಸೆಪ್ಟೆಂಬರಿನಲ್ಲಿ ಅವಳ ಮದುವೆ. ಬಿಯರ್ ಯಾರದು ಎಂದು ಅಪ್ಪ, ಸೋದರಮಾವ ಇಬ್ಬರೂ ಕಿತ್ತಾಡಿದಾಗ ಅವಳು ತೀರ್ಪು ಕೊಟ್ಟಿದ್ದಳು: "ಅಗ್ನಿಶಾಮಕ ದಳದ ಹಬ್ಬಕ್ಕೆ ಇಬ್ರೂ ಒಂದೊಂದು ಪೀಪಾಯಿ ತನ್ನಿ. ಜನ ಯಾವ್ದು ಮೆಚ್ತಾರೋ ಅದೇ ನನ್ನ ಮದುವೆಗೆ."

ಸ್ವಂತ ಮಗಳ ಮದುವೆಯಲ್ಲಿ ಬೇರೆಯವನ ಬಿಯರ್ ಬಡಿಸುವುದು! ಲುಬೊಮಿರನ ಕೈ ತಾನಾಗಿಯೇ ತಿರುಪಿನ ಕಡೆಗೆ ಹೋಗಿತ್ತು.

"ನೀನು ನೆರಳಲ್ಲಿ ಕೂತ್ಕೋ ಭಾವ," ಎಂದ ಅವನು ಜೇನಿನಂಥ ದನಿಯಲ್ಲಿ. "ಸಬೀನಾ ತಣ್ಣನೆ ಬೀಟ್‌ರೂಟ್ ಸಾರು ಮಾಡಿದ್ದಾಳೆ. ನಿನ್ನ ಮೂಟೆ ನಾನೇ ಒಡೆದು ಕೊಡ್ತೀನಿ."

"ಏನಪ್ಪಾ ಇದು, ಇಷ್ಟೊಂದು ಪ್ರೀತಿ! ಜ್ವರ ಗಿರ ಬಂದಿದೆಯಾ?"

"ಮಗಳ ಮದುವೆ ಅಲ್ವಾ."

ಗಿರಣಿ ಗರಗರ ತಿರುಗಿತು. ವಾಲ್‌ನಟ್ ಮರದ ಕೆಳಗೆ ಹಿಪೊಲಿತ್ ಸೊರಸೊರ ಸಾರು ಕುಡಿದ. ಲುಬೊಮಿರ್ ಚೀಲದ ಬಾಯಿ ಬಿಗಿಯಾಗಿ ಹೊಲಿದು ಕಾರಿನಲ್ಲಿಟ್ಟ.

ಕೆಲವು ದಿನ ಕಳೆದ ಮೇಲೆ ತಡೆಯಲಾರದೆ ಫೋನ್ ಮಾಡಿದ. "ಹೇಗಿದೆ ಭಾವ, ಬಿಯರು?"

ಆ ಕಡೆ ಹಿಪೊಲಿತ್ ಲೋಟವನ್ನು ಟಪ್ಪೆಂದು ಕೆಳಗಿಟ್ಟ. ಆಮೇಲೆ, "ಎಲ್ಲಾ ನಿನ್ನ ಕೈಗುಣ ಭಾವ. ಹಬ್ಬದ ದಿನ ಇಡೀ ಊರಿಗೆ ಗೊತ್ತಾಗ್ಲಿ."

ಹಬ್ಬದ ದಿನ ಜುಲೈ ಬಿಸಿಲು ರಸ್ತೆಯ ಡಾಂಬರು ಕರಗಿಸುತ್ತಿತ್ತು. ಹಿಪೊಲಿತ್ ಕೋಟು ತೊಟ್ಟು ಬಂದಿದ್ದ. ದಳದ ಮೈಕನ್ನು ಕೇಳಿ ಪಡೆದು ಪೀಪಾಯಿಯ ಪಕ್ಕದಲ್ಲೇ ಇಟ್ಟುಕೊಂಡ. ತನ್ನ ಬಿಯರನ್ನು ತಾನು ಮೂಸಿಯೂ ನೋಡಲಿಲ್ಲ.

ಲುಬೊಮಿರನ ಬಿಯರ್ ಗಟ್ಟಿ, ಕಂದು, ಘಮಘಮ. ಒಂದು ಲೋಟ ಕುಡಿದವರು ತಲೆದೂಗಿ, "ಭರ್ಜರಿ ಮಾರಾಯಾ!" ಎಂದು ಬೆನ್ನು ತಟ್ಟಿ, ಬೆಂಚಿನ ಮೇಲೆ ಕುಸಿದರು. ಹಿಪೊಲಿತನದು ಹುಲ್ಲಿನ ಬಣ್ಣದ್ದು, ತೆಳ್ಳಗೆ. ಲುಬೊಮಿರ್ ಕೈಕಟ್ಟಿ ನಿಂತು ಜನರ ಮುಖ ನೋಡುತ್ತ ಕಾಯತೊಡಗಿದ. ಈಗ ಮುಖ ಕಿವುಚುತ್ತಾರೆ. ಈಗ.

ನೀರಿನ ಕೊಳವೆ ಹೊತ್ತು ಓಡುವ ಪಂದ್ಯ ಮುಗಿಯಿತು. ಬೆವರು ಸುರಿಸುತ್ತ ಬಂದ ದಳದ ಹುಡುಗರು ಆ ತೆಳುವಾದದ್ದನ್ನು ಗಟಗಟ ಇಳಿಸಿದರು. ಲೋಟ ಮುಂದೆ ಚಾಚಿದರು. ಮತ್ತೆ ಚಾಚಿದರು. ಅವರ ಹಿಂದೆ ಅವರ ಹೆಂಡತಿಯರು, ಅವರ ಹಿಂದೆ ಅಜ್ಜಂದಿರು, ವಾದ್ಯದವರು, ಕೊನೆಗೆ ಪಾದ್ರಿ. "ಬಿಸಿಲಿಗೆ ಇದು ಅಮೃತ ಕಣ್ರೀ. ಎಷ್ಟು ಕುಡಿದ್ರೂ ತಲೆಗೇರಲ್ಲ!"

ಸಂಜೆಯ ಹೊತ್ತಿಗೆ ಹಿಪೊಲಿತನ ಪೀಪಾಯಿ ಗೊರ್ರೆಂದು ಬರೀ ನೊರೆ ಕಕ್ಕಿತು. ಲುಬೊಮಿರನದು ಅರ್ಧಕ್ಕೂ ಇಳಿದಿರಲಿಲ್ಲ.

ಕಲಿನಾ ಓಡಿ ಬಂದು ಸೋದರಮಾವನ ಕುತ್ತಿಗೆಗೆ ಜೋತುಬಿದ್ದಳು. "ಮಾಮಾ! ನನ್ನ ಮದುವೆಗೆ ಇದೇ ಬೇಕು. ಒಂದು ಚೂರೂ ವ್ಯತ್ಯಾಸ ಆಗಬಾರ್ದು. ಹೇಗೆ ಮಾಡ್ದೆ, ಎಲ್ಲರ ಮುಂದೆ ಹೇಳು!"

ಹಿಪೊಲಿತ್ ಮೈಕ್ ಎತ್ತಿದ. ಬಾಯಿ ತೆರೆದ. ಖಾಲಿ ಪೀಪಾಯಿ ನೋಡಿದ, ಜನರನ್ನು ನೋಡಿದ, ಲುಬೊಮಿರನನ್ನು ನೋಡಿದ. ಕೋಟಿನ ಗುಂಡಿಗಳು ಒಂದೊಂದಾಗಿ ಅಲುಗಿದವು. ಆಮೇಲೆ ಹೊಟ್ಟೆಯ ತಳದಿಂದ ನಗು ಎದ್ದಿತು, ನದಿಯ ಆಚೆ ದಡಕ್ಕೂ ಕೇಳುವಂಥ ನಗು.

"ಜನ ಥೂ ಅನ್ಲಿ, ಆಮೇಲೆ ಮಾಡಿದವನ ಹೆಸರು ಹೇಳೋಣ ಅಂತ ಬೆಳಗಿಂದ ಮೈಕ್ ಹಿಡ್ಕೊಂಡು ಕಾದೆ ಪುಟ್ಟೀ, ಒಬ್ಬನಾದ್ರೂ ಥೂ ಅನ್ಲಿಲ್ವಲ್ಲ! ಮದುವೆಗೆ ಇದೇ ಬೇಕು ಅಂದ್ರೆ ನನ್ನ ಕೈಲಾಗಲ್ಲ. ಗಿರಣಿ ಸಡಿಲ ಮಾಡಿ, ಅರ್ಧ ಕಾಳು ಒಡೆಯದೇ ಚೀಲ ಹೊಲಿದು, ಇದನ್ನ ಮಾಡಿದ್ದು ನಿಮ್ಮಪ್ಪ!"