ಕೈಕೊಡದ ಬ್ಯಾಟರಿ

ಅಂಗಡಿಗೆ ಬಂದಾಗಿನಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಕೈಯಲ್ಲಿದ್ದ ಫೋನೂ ಸುಮ್ಮನಿರುತ್ತಿರಲಿಲ್ಲ. ಹೆಂಡತಿ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತಿದ್ದಳು.

“ಕೈಕೊಡದ ಬ್ಯಾಟರಿ ಬೇಕು. ನಮ್ಮ ಸಣ್ಣ ಬೋಟು ಓಡುವುದೇ ಬ್ಯಾಟರಿಯಲ್ಲಿ. ಹೋದ ಭಾನುವಾರ ಸುತ್ತಾಡಲಿಕ್ಕೆ ಹೋದರೆ ನಡು ಹೊಳೆಯಲ್ಲಿ ನಿಂತುಬಿಟ್ಟಿತು ಮಾರಾಯ್ರೆ.”

“ಹಿಂದಿನ ರಾತ್ರಿ ಬೋಟಿನ ಲೈಟು ಆನ್ ಉಳಿದಿತ್ತಾ?” ಅಂಗಡಿಯವರು ಕೇಳಿದರು.

“ಇಲ್ಲ, ನಾನೇ ಆಫ್ ಮಾಡಿ ಬಂದಿದ್ದೆ. ಅಲ್ಲಿ ಫೋನಿಗೆ ರೇಂಜಿಲ್ಲ. ಬೇರೆ ಬೋಟು ಬಂದು ಎಳೆಯುವವರೆಗೆ ಎಂತ ಮಾಡುವುದು? ಇವಳ ಹತ್ರ ಮಾತಾಡ್ತಾ ಕೂತೆ.”

ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

ಅಂಗಡಿಯವರು ಭಾರದ ಬ್ಯಾಟರಿಯೊಂದನ್ನು ಎತ್ತಿ ಮೇಜಿನ ಮೇಲಿಟ್ಟರು. “ಇದು ಬೋಟಿಗೆಂದೇ ಮಾಡಿದ್ದು. ಅಲುಗಾಟ ತಡೀತದೆ, ಚಾರ್ಜು ಬೇಗ ಇಳಿಯುವುದಿಲ್ಲ.”

“ಇದನ್ನೇ ಕೊಡಿ.”

ಅಷ್ಟರಲ್ಲಿ ಫೋನು ಮತ್ತೆ ಬಡಿದುಕೊಂಡಿತು. ಅವನು ಮಾತಾಡುತ್ತ ರಸ್ತೆಗಿಳಿದ.

ಹೆಂಡತಿ ಎದ್ದು ಬಂದಳು. ಹೊಸ ಬ್ಯಾಟರಿಯನ್ನೊಮ್ಮೆ ಮುಟ್ಟಿ ನೋಡಿ, ಹೊರಗೆ ಕಣ್ಣು ಹಾಯಿಸಿ, ದನಿ ತಗ್ಗಿಸಿದಳು.

“ಅಣ್ಣ, ರಾತ್ರಿಯಿಡೀ ಲೈಟು ಹಾಕಿಟ್ಟರೆ ಇದೂ ಹಳೇದರ ಹಾಗೆ ಇಳೀತದಾ?”