ನಿನ್ನದೇ ಮನೆ ಅಂದ್ಕೋ

ಮನೆಯ ಬಗ್ಗೆ ಬರೆಯಲು ಬಂದಿದ್ದ ಪತ್ರಿಕೆಯವಳು ಕ್ಯಾಮೆರಾ ಹೊರತೆಗೆಯುವಷ್ಟರಲ್ಲಿ ತಮ್ಮ ತನ್ನ ಅಕ್ಕನನ್ನು ಮೂರು ಕುರ್ಚಿಗಳಲ್ಲಿ ಕೂರಿಸಿ ಮೂರರಿಂದಲೂ ಎಬ್ಬಿಸಿದ್ದ. ಒಂದರಲ್ಲಿ ಬೆಳಕು ಸರಿಯಿಲ್ಲ, ಇನ್ನೊಂದರಲ್ಲಿ ಅವಳು ಕುಳ್ಳಗೆ ಕಾಣುತ್ತಾಳೆ, ಮೂರನೆಯದು ಕೂರುವುದಕ್ಕೆಂದು ಇಟ್ಟದ್ದೇ ಅಲ್ಲ. ಕೊನೆಗೆ ಕಿಟಕಿಯ ಪಕ್ಕ ನಿಲ್ಲಿಸಿ, ಅವಳ ಹೆಗಲ ಮೇಲಿದ್ದ ನೀಲಿ ಶಾಲನ್ನು ತಾನೇ ತೆಗೆದು ಸೋಫಾದ ಹಿಂದಕ್ಕೆ ಎಸೆದ. ಗೋಡೆಯ ಬಣ್ಣಕ್ಕೆ ಅದು ಹೊಂದುತ್ತಿರಲಿಲ್ಲವಂತೆ.

ಉಳ್ಳವರ ಮನೆಗಳನ್ನು ಒಳಗಿನಿಂದ ಸಿಂಗರಿಸಿಕೊಡುವುದು ಅವನ ಕಸುಬು. ತಮ್ಮದೇ ಸೋಫಾ ಯಾವ ಕಡೆಗೆ ಮುಖ ಮಾಡಿರಬೇಕೆಂದು ಅವರೆಲ್ಲ ಅವನನ್ನು ಕೇಳಿಯೇ ಕೂರುತ್ತಿದ್ದರು. ಹಾಗಾಗಿ ಮನೆ ಎಂದರೇನು ಎಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಕ್ಕ ಆಸ್ಪತ್ರೆಯಲ್ಲಿ ನರ್ಸಾಗಿ, ಆಮೇಲೆ ಹೆಡ್ ನರ್ಸಾಗಿ, ಮದುವೆಗಿದುವೆ ಎಂದು ತಲೆಕೆಡಿಸಿಕೊಳ್ಳದೆ ಕ್ವಾರ್ಟರ್ಸಿನಲ್ಲೇ ಆಯಸ್ಸು ಕಳೆದವಳು. ಅವಳು ಹುಬ್ಬೇರಿಸಿದರೆ ದೊಡ್ಡ ಡಾಕ್ಟರೂ ಹೋಗಿ ಇನ್ನೊಂದು ಸಲ ಕೈ ತೊಳೆದು ಬರುತ್ತಿದ್ದರು. ನಿವೃತ್ತಳಾಗಿ ಕ್ವಾರ್ಟರ್ಸ್ ಬಿಡಬೇಕಾದಾಗ ತಮ್ಮನೇ ಕಾರು ತಂದ. "ನಿನ್ನದೇ ಮನೆ ಅಂದ್ಕೋ ಅಕ್ಕ" ಎಂದ. ಅವಳು ಹಾಗೇ ಅಂದುಕೊಂಡಳು. ಎಡವಟ್ಟಾದದ್ದು ಅಲ್ಲೇ.

ಬಂದ ವಾರವೇ ಅವಳ ಅಲಾರಂ ಗಡಿಯಾರ ಟಿಕ್ ಟಿಕ್ ಎನ್ನುತ್ತದೆಂದು ಅಟ್ಟ ಸೇರಿತು. ಈರುಳ್ಳಿ ಹುರಿದರೆ ಪರದೆಗೆ ವಾಸನೆ ಹಿಡಿಯುತ್ತಿತ್ತು. ಹಾಡು ಗುನುಗಿದರೆ ಅವನು ಪಕ್ಕದ ಕೋಣೆಯಿಂದ ಫೋನಿನ ಮೇಲೆ ಅಂಗೈ ಮುಚ್ಚಿಕೊಂಡು ಬಂದು, ನಗುತ್ತಲೇ ತುಟಿಯ ಮೇಲೆ ಬೆರಳಿಡುತ್ತಿದ್ದ. ಮನೆಯ ದೀಪಗಳೆಲ್ಲ ಅವನ ಮೊಬೈಲಿನಲ್ಲಿದ್ದವು. ಊಟ ಮುಗಿದು ಸ್ವಲ್ಪ ಹೊತ್ತಿಗೆ, ಅವಳು ಓದುತ್ತಿದ್ದ ಸಾಲಿನ ಮೇಲೆಯೇ ಕತ್ತಲು ಬೀಳುತ್ತಿತ್ತು. ಯಾಕಪ್ಪಾ ಎಂದು ಕೇಳಿದರೆ, ಈ ವಯಸ್ಸಿಗೆ ನಿದ್ದೆ ಮುಖ್ಯ ಎನ್ನುತ್ತಿದ್ದ. ಒಂದು ಮಾತನ್ನೂ ಗಡುಸಾಗಿ ಆಡಿದವನಲ್ಲ. ತಾನೂ ರೋಗಿಗಳ ಹತ್ತಿರ ಇಂಥದೇ ದನಿಯಲ್ಲಿ ಮಾತಾಡುತ್ತಿದ್ದುದು ಅವಳಿಗೆ ಆಗಾಗ ನೆನಪಾಗುತ್ತಿತ್ತು. ಆದರೆ ರೋಗಿಗಳಿಗೆ ಡಿಸ್ಚಾರ್ಜ್ ಎನ್ನುವುದೊಂದಿತ್ತು.

ಈಗ ಅವನು ಪತ್ರಿಕೆಯವಳ ಮುಂದೆ ಅಡ್ಡಾಡುತ್ತ ಭಾಷಣ ಬಿಗಿಯುತ್ತಿದ್ದ. ಮನೆ ಎಂದರೆ ಗೋಡೆಯಲ್ಲವಂತೆ, ಸ್ವಾತಂತ್ರ್ಯವಂತೆ. ಇಲ್ಲಿ ಎಲ್ಲರೂ ಅವರವರ ಪಾಡಿಗೆ ಉಸಿರಾಡಬಹುದಂತೆ. ಅಕ್ಕನಂತೂ ಬಂದಮೇಲೆ ಹತ್ತು ವರ್ಷ ಚಿಕ್ಕವಳಾಗಿದ್ದಾಳಂತೆ. ಅದನ್ನವನು ಕಡಿಮೆಯೇ ಹೇಳಿದ. ಒಂದು ಲೋಟ ಚಹಾ ಮಾಡಿಕೊಳ್ಳಲು ಅಪ್ಪಣೆ ಕೇಳುವಷ್ಟು ಚಿಕ್ಕವಳಾಗಿದ್ದಳು ಅವಳು.

"ಅಮ್ಮಾ, ಈ ಮನೇಲಿ ನಿಮಗೆ ತುಂಬಾ ಇಷ್ಟವಾದ ಜಾಗ ಯಾವುದು?" ಎಂದು ಕೇಳಿದಳು ಪತ್ರಿಕೆಯವಳು.

"ಈ ಕಿಟಕಿನೇ," ಎಂದ ತಮ್ಮ. "ದಿನಾ ಇಲ್ಲೇ ಇರ್ತಾಳೆ."

"ನಾನು ಅವರನ್ನ ಕೇಳಿದ್ದು."

ಅಕ್ಕ ಸೋಫಾದ ಹಿಂದಕ್ಕೆ ಹೋಗಿ ಶಾಲನ್ನೆತ್ತಿ ಹೊದ್ದುಕೊಂಡಳು. "ಬಾತ್‌ರೂಮು," ಎಂದಳು. "ಅದೊಂದಕ್ಕೇ ಒಳಗಡೆಯಿಂದ ಚಿಲಕ ಇರೋದು."

ಪತ್ರಿಕೆಯವಳು ಸುತ್ತ ಕಣ್ಣಾಡಿಸಿದಳು. ಕೋಣೆಗಳಿಗೆಲ್ಲ ಪಕ್ಕಕ್ಕೆ ಸರಿಯುವ, ಚಿಲಕವಿಲ್ಲದ ಗಾಜಿನ ಬಾಗಿಲುಗಳೇ. ತಮ್ಮ ಗಟ್ಟಿಯಾಗಿ ನಕ್ಕು, ಅಕ್ಕನ ತಮಾಷೆ ಯಾವಾಗಲೂ ಹೀಗೇ, ಇದನ್ನೆಲ್ಲ ಬರೆಯಬೇಡಿ ಎಂದ. ಅವಳು ಬರೆಯಲಿಲ್ಲ. ಪತ್ರಿಕೆಯಲ್ಲಿ ಕಿಟಕಿಯೇ ಬಂತು.

ಅದು ಅಚ್ಚಾಗುವ ಹೊತ್ತಿಗೆ ಅಕ್ಕ ಅಲ್ಲಿರಲಿಲ್ಲ. ಹಳೆಯ ಸಹೋದ್ಯೋಗಿಯೊಬ್ಬಳಿಗೆ ಹೇಳಿ ಸೈಕಲ್ ರಿಪೇರಿ ಅಂಗಡಿಯ ಮಹಡಿಯಲ್ಲಿ ಒಂದೇ ಒಂದು ಕೋಣೆ ಹಿಡಿದಿದ್ದಳು. ಹೊರಡುವ ದಿನ ತಮ್ಮನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನಿನಗೆ ಇಲ್ಲಿ ಏನು ಕಡಿಮೆ ಮಾಡಿದೀನಿ ಹೇಳು."

"ಏನೂ ಕಡಿಮೆ ಮಾಡಿಲ್ಲಪ್ಪ," ಎಂದಳು ಅಕ್ಕ. "ಎಲ್ಲಾ ನೀನೇ ಮಾಡಿದೀಯ. ನನಗೆ ಅಂತ ಏನೂ ಉಳಿಸಲಿಲ್ಲ, ಅಷ್ಟೇ."

ಅವನಿಗೆ ಅದು ಹೊಗಳಿಕೆಯಂತೆ ಕೇಳಿಸಿತು. ಜನರೆದುರು ಹಾಗೆಂದೇ ಹೇಳಿಕೊಂಡು ತಿರುಗಿದ.

ತಿಂಗಳ ಮೇಲೆ ಪತ್ರಿಕೆ ಹಿಡಿದುಕೊಂಡು ಅವಳ ಕೋಣೆಯ ಮೆಟ್ಟಿಲು ಹತ್ತಿದ. ಕೆಳಗಿನ ಅಂಗಡಿಯ ಸುತ್ತಿಗೆ ಸದ್ದು ಮಹಡಿಯವರೆಗೂ ಬರುತ್ತಿತ್ತು. ಒಳಗಿನಿಂದ ಈರುಳ್ಳಿ ಹುರಿಯುವ ಘಮ. ಬಾಗಿಲು ತಳ್ಳಿದರೆ ಅರ್ಧಕ್ಕೇ ನಿಂತಿತು. ಹಿಂದೆ ಮಂಚ ಅಡ್ಡವಾಗಿತ್ತು. ಸಂದಿಯಲ್ಲಿ ತಲೆ ತೂರಿಸಿ ಅವನು ಕೋಣೆಯನ್ನು ಕಣ್ಣಲ್ಲೇ ಅಳೆದ.

"ಅಕ್ಕ, ಮಂಚ ಆ ಕಡೆ ಗೋಡೆಗೆ ಹಾಕ್ಬಿಟ್ರೆ ಬಾಗಿಲು ಪೂರ್ತಿ ತೆರೆಯುತ್ತೆ."

"ತೆರೆಯುತ್ತೆ, ಗೊತ್ತು," ಎಂದಳು ಅಕ್ಕ, ಒಲೆಯ ಕಡೆಯಿಂದ ತಿರುಗಿಯೂ ನೋಡದೆ. "ಹೊಟ್ಟೆ ಒಳಗೆ ಎಳ್ಕೊಂಡು ಅಡ್ಡ ತಿರುಗಿ ಬಾ."