ಮಹತಿಯ ಅಪಸ್ವರ

ಮಹತಿಯ ಎರಡೂ ಕೈಗಳು ಸಿಂಥಸೈಜರಿನಿಂದ ಮೇಲೆದ್ದವು, ಆದರೆ ಹಾಡು ನಿಲ್ಲಲಿಲ್ಲ. ಮೂರನೆಯ ಸಾಲಿನಲ್ಲಿದ್ದ ಅವಳ ಅಪ್ಪ ಉಮಾಮಹೇಶ್ವರ ಮೊಣಕೈಯಿಂದ ಹೆಂಡತಿಯನ್ನು ತಿವಿದರು. "ನೋಡ್ದೇನೆ? ಬರೀ ಬೆರಳಾಡಿಸ್ತಿದ್ದಾಳೆ. ಎಲ್ಲ ಮೊದಲೇ ತುಂಬಿಸಿಟ್ಟಿರೋದು."

"ಅವಳು ನುಡಿಸಿದ್ದನ್ನ ಆ ಮೆಷೀನು ಅಲ್ಲೇ ಹಿಡ್ಕೊಂಡು ಮತ್ತೆ ಮತ್ತೆ ಕೇಳಿಸತ್ತಂತೆ. ಬೆಳಿಗ್ಗೆ ಮಲಯಾಳದಲ್ಲಿ ಹೇಳಲಿಲ್ವಾ, 'ಎಲ್ಲಾಂ ಲೈವ್ ಆಣು ಅಪ್ಪಾ' ಅಂತ, ಎಲ್ಲ ಅಲ್ಲೇ ನುಡಿಸೋದು ಅಂತ?" ಎಂದರು ಶಾಂತಾ. "ಸುಮ್ನೆ ಕೇಳ್ರೀ."

ಉಮಾಮಹೇಶ್ವರರಿಗೆ ನಂಬಿಕೆ ಬರಲಿಲ್ಲ. ರಾಕೆಟ್ಟಿನ ಬಿಡಿಭಾಗಗಳನ್ನು ಪರೀಕ್ಷಿಸುವುದರಲ್ಲೇ ಇಪ್ಪತ್ತಾರು ವರ್ಷ ಸವೆಸಿದ ಮನುಷ್ಯ. ಒಂದಿಷ್ಟೂ ಅಂಕುಡೊಂಕಿಲ್ಲದ ಗ್ರಾಫು ತಂದ ಕಿರಿಯರನ್ನು, "ಇದನ್ನ ಅಳೆದು ತಂದ್ರೋ, ಕೂತು ಬರೆದು ತಂದ್ರೋ?" ಎಂದು ವಾಪಸು ಕಳಿಸುತ್ತಿದ್ದವರು. ಶ್ರೀಕಾರ್ಯಂನ ಈ ಪುಟ್ಟ ಸಭಾಂಗಣದಲ್ಲಿ ಕೇಳುತ್ತಿದ್ದುದೂ ಅಂಥದೇ, ಎಲ್ಲೂ ಕೊಂಕಿಲ್ಲದ ಹಾಡು. ಸುತ್ತಲಿನವರೆಲ್ಲ ಕುಣಿಯುತ್ತಿದ್ದರೆ ಅವರು ಮಗಳ ಬೆರಳುಗಳನ್ನು ಕಳ್ಳನನ್ನು ಕಾಯುವಂತೆ ಕಾಯುತ್ತಿದ್ದರು.

ಮಹತಿ ಹೊಸ ಸಾಲೊಂದನ್ನು ಶುರುಮಾಡಿದಳು. ಕಿರುಬೆರಳು ಜಾರಿ ಪಕ್ಕದ ಕೀ ಒತ್ತಿತು. ಅಪಸ್ವರವೊಂದು ಕೀರಲಾಗಿ ಹೊರಟಿತು. ಅವಳು ನಾಲಿಗೆ ಕಚ್ಚಿಕೊಂಡಳು. ಯಂತ್ರ ಅದನ್ನೂ ಹಿಡಿದುಕೊಂಡುಬಿಟ್ಟಿತ್ತು. ಒಂದು ಸುತ್ತು ಮುಗಿದು ಅದೇ ಜಾಗಕ್ಕೆ ಬಂದಾಗ ಮತ್ತೆ ಅದೇ ಕೀರಲು. ಇನ್ನು ಮನೆಗೆ ಹೋಗುವವರೆಗೂ ಇದೇ ಮಾತು ಎಂಬಂತೆ ಅವಳ ಕಣ್ಣು ಅಪ್ಪನನ್ನು ಹುಡುಕಿತು.

ಉಮಾಮಹೇಶ್ವರ ಎದ್ದು ನಿಂತಿದ್ದರು. ಮೂರನೆಯ ಸುತ್ತಿನಲ್ಲಿ ಆ ಅಪಸ್ವರ ಬರುವ ಹೊತ್ತಿಗೆ ಸರಿಯಾಗಿ, ಒಂದು ಚೂರೂ ತಪ್ಪದೆ, ಚಪ್ಪಾಳೆ ಹೊಡೆದರು.